ಎರಡು ಪೆನ್‌ಡ್ರೈವ್‌ಗೆ ಹಂಚಿದ ಆಟ

ನನ್ನ ಹೆಸರು ಶಿವಶಂಕರ್, ತಂದೆ ಓಬಣ್ಣ, ವಯಸ್ಸು 34. ರಾಯದುರ್ಗ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಮೊಬೈಲ್, ಗೇಮ್ ಕನ್ಸೋಲ್ ರಿಪೇರಿ ಅಂಗಡಿ. ವಾಸ ಅದರ ಮೇಲಿನ ಮಹಡಿ. ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ಹೇಳಿ ಬರೆಸುವುದೇನೆಂದರೆ:

ಗುಮ್ಮಘಟ್ಟದ ಮೈಲಾರಮ್ಮನವರಿಗೆ ಹೋದ ವರ್ಷ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಕೈಯಲ್ಲಿ ರಿಮೋಟ್ ಹಿಡಿದು ಬೀಸಿದರೆ ಟಿ.ವಿ.ಯಲ್ಲಿ ಚೆಂಡು ಉರುಳುವ ಆಟವೊಂದನ್ನು ದಿನಕ್ಕೆರಡು ಸಲ ಆಡಿಸಿ ಎಂದು ಡಾಕ್ಟರು ಹೇಳಿದ್ದರಂತೆ. ಮಕ್ಕಳಾದ ಜುಂಜಣ್ಣ, ಈಶ್ವರ್ ಇಬ್ಬರೂ ಟಿ.ವಿ.ಗೆ ಜೋಡಿಸಿ ಆ ಆಟ ಆಡುವ ಹಳೆಯ ಕನ್ಸೋಲ್ ಒಂದನ್ನು ನನ್ನ ಬಳಿ ತಂದರು. ಆಟದ ಡಿಸ್ಕ್ ಬಿರುಕು ಬಿಟ್ಟಿತ್ತು. ಹೇಗೋ ಒಂದು ಸಲ ಓದಿಸಿ ನನ್ನ ಕಂಪ್ಯೂಟರಿನಲ್ಲಿ ಫೈಲ್ ಮಾಡಿಕೊಂಡೆ. ಆಮೇಲೆ ಡಿಸ್ಕ್ ಮುರಿದೇ ಹೋಯಿತು. ಪೆನ್‌ಡ್ರೈವ್‌ನಿಂದಲೇ ಆಟ ನಡೆಯುವಂತೆ ಕನ್ಸೋಲನ್ನು ಮಾರ್ಪಡಿಸಿದೆ. ಫೈಲ್ 6.2 ಜಿ.ಬಿ. ಆ ಕನ್ಸೋಲ್ ಓದುವ ಪೆನ್‌ಡ್ರೈವ್‌ನಲ್ಲಿ ಒಂದು ಫೈಲ್ 4 ಜಿ.ಬಿ. ದಾಟುವಂತಿಲ್ಲ. ಆದ್ದರಿಂದ 3.9 ಮತ್ತು 2.3 ಎಂದು ಎರಡು ತುಂಡು ಮಾಡಿ ಒಂದೇ ಪೆನ್‌ಡ್ರೈವ್‌ಗೆ ಹಾಕಿದೆ. ಎರಡೂ ಒಟ್ಟಿಗಿದ್ದರೆ ಮಾತ್ರ ಆಟ ತೆರೆಯುತ್ತದೆ. ಐದು ತಿಂಗಳಲ್ಲಿ ಆಯಮ್ಮ ಲೋಟ ಹಿಡಿಯುವಂತಾದರು. ಆ ಕೈಯಿಂದಲೇ ನನಗೆ ಮಜ್ಜಿಗೆ ಕೊಟ್ಟಿದ್ದಾರೆ.

ದಿನಾಂಕ 29-10-2025ರಂದು ಬೆಳಿಗ್ಗೆ 10:30ಕ್ಕೆ ಅಣ್ಣತಮ್ಮಂದಿರು ಸೋದರಮಾವ ಓಬಳಪ್ಪನವರ ಜೊತೆ ಅಂಗಡಿಗೆ ಬಂದರು. ಮನೆ ಪಾಲಾಗಿತ್ತು, ಕುರಿ, ಪಾತ್ರೆ ಹಂಚಿ ಮುಗಿದಿತ್ತು. ತಾಯಿ ತಿಂಗಳಿಗೊಬ್ಬರ ಮನೆಯಲ್ಲಿ, ಕನ್ಸೋಲ್ ತಾಯಿಯ ಹಿಂದೆ ಎಂದು ತೀರ್ಮಾನವಂತೆ. ಆಟವೊಂದು ಉಳಿದಿತ್ತು. ಹೆಂಗೂ ಎರಡು ತುಂಡು ಅದಾವಲ್ಲ, ಒಬ್ಬೊಬ್ಬಗ ಒಂದೊಂದು ಹಾಕಿಕೊಡು, ಹಿರಿಯಗ ದೊಡ್ಡದು ಎಂದು ಓಬಳಪ್ಪನವರು ಹೇಳಿದರು. ಇದು ಹೊಲ ಅಲ್ರಿ ಯಜಮಾನ್ರ, ಅರ್ಧ ಇದ್ರ ಏನೂ ಇಲ್ಲದಂಗ ಎಂದೆ. ಪಾಲಿನ ಮಾತಿನಾಗ ನೀ ಯಾಕ ಬಾಯಿ ಹಾಕ್ತಿ ಎಂದು ಗದರಿಸಿದರು. ನನಗೂ ತಲೆ ಕೆಟ್ಟಿತು. ಹಾಳಾಗಿ ಹೋಗಲಿ ಎಂದು ಸಣ್ಣ ತುಂಡನ್ನು ಇನ್ನೊಂದು ಪೆನ್‌ಡ್ರೈವ್‌ಗೆ ಸರಿಸಿ ಕೇಳಿದಂತೆ ಕೊಟ್ಟೆ. ಮೂರನೆಯವನ ಹತ್ತಿರ ಉಳಿಯಬಾರದೆಂದು ನನ್ನ ಕಂಪ್ಯೂಟರಿನಲ್ಲಿದ್ದ ಫೈಲನ್ನೂ ಎದುರು ನಿಂತು ಅಳಿಸಿ ಹಾಕಿಸಿದರು. ನಾನು ಎರಡನೇ ಸಲ ಹೇಳಲಿಲ್ಲ. ಅದು ನನ್ನ ತಪ್ಪು.

ಇಂದು ಬೆಳಿಗ್ಗೆ 11:20ಕ್ಕೆ ಜುಂಜಣ್ಣ ತಾಯಿಯನ್ನು ಆಟೋದಲ್ಲಿ ಕರೆತಂದ. ಆಟೋ ಅಂಗಡಿಯ ಬಾಗಿಲಿಗೆ ಎಂಟು ಅಡಿ ದೂರದಲ್ಲಿತ್ತು; ಆಯಮ್ಮ ಅದರಲ್ಲೇ ಕೂತಿದ್ದರು. ಆಟ ತೆರೆಯುತ್ತಿಲ್ಲ, ತಮ್ಮ ಕೆಟ್ಟ ತುಂಡು ತಗಲಿಸ್ಯಾನ ಎಂದು ಕೂಗಾಡಿದ. ನಾನು ಫೋನ್ ಮಾಡಿ ಈಶ್ವರನನ್ನು ಕರೆದೆ. 11:35ಕ್ಕೆ ಬಂದ. ಪೆನ್‌ಡ್ರೈವ್ ಅವನ ಮುಷ್ಟಿಯಲ್ಲಿತ್ತು. ದೊಡ್ಡದು ಅವಗ ಕೊಟ್ರಿ, ಈಗ ನನ್ನ ಸಣ್ಣದೂ ಬೇಕಾ, ಅವ್ವ ನಮ್ಮನಿಗೆ ಬಂದಾಗ ನಾನೇನು ತೋರಿಸ್ಲಿ ಎಂದ. ಎರಡನ್ನೂ ಹತ್ತು ನಿಮಿಷ ಕೊಡ್ರೋ ಮಾರಾಯ್ರಾ, ಇಬ್ಬರಿಗೂ ಪೂರ್ತಿ ಹಾಕಿಕೊಡ್ತೀನಿ ಎಂದು ನಾನು ಕೈ ಮುಗಿದೆ. ಇಬ್ಬರೂ ಕೇಳಲಿಲ್ಲ. ಜುಂಜಣ್ಣ ಮುಷ್ಟಿಗೆ ಕೈ ಹಾಕಿದ. ಈಶ್ವರ್ ತಳ್ಳಿದ. ಜುಂಜಣ್ಣ ನನ್ನ ಕಬ್ಬಿಣದ ಸ್ಟೂಲ್ ಎತ್ತಿ ಹೊಡೆದ. ಈಶ್ವರನ ಹಣೆ ಒಡೆಯಿತು.

ಬಿಡ್ರೋ, ಬಿಡ್ರೋ ಎಂದು ಮೈಲಾರಮ್ಮನವರು ಆಟೋದಿಂದ ಚೀರಿದರು. ಎಡಗೈಯಿಂದ ಬಲಗೈಯನ್ನು ಎತ್ತಿ ಮಕ್ಕಳಿಗೆ ತೋರಿಸಿ, ಹಿಡಿತ ಬಿಟ್ಟರು. ಅದು ಮಡಿಲಿಗೆ ಬಿತ್ತು. ನಾನು ಪೊಲೀಸರಿಗೆ ಫೋನ್ ಮಾಡಿದೆ.

11:50ಕ್ಕೆ ಬಂದ ಪೊಲೀಸರು ಸ್ಟೂಲನ್ನೂ ಎರಡು ಪೆನ್‌ಡ್ರೈವ್‌ಗಳನ್ನೂ ವಶಕ್ಕೆ ಪಡೆದರು. ಪೆನ್‌ಡ್ರೈವ್‌ಗಳನ್ನು ಬೇರೆ ಬೇರೆ ಲಕೋಟೆಯಲ್ಲಿಟ್ಟು ಅರಗು ಹಾಕಿದ್ದನ್ನು ನೋಡಿದ್ದೇನೆ.

ಕೇಸು ಯಾರ ಮೇಲಾದರೂ ಹಾಕಿ, ಬೇಕಾದರೆ ನನ್ನ ಮೇಲೂ ಹಾಕಿ. ಆದರೆ ಆ ಎರಡು ಲಕೋಟೆಗಳನ್ನು ತಮ್ಮೆದುರಿಗೇ ಒಡೆಸಿ ಹತ್ತು ನಿಮಿಷ ನನಗೆ ಕೊಡಿಸಬೇಕು. ಕೋರ್ಟು ಮುಗಿಯುವ ತನಕ ಆ ಕೈ ಕಾಯುವುದಿಲ್ಲ. ಆಟ ನಿಂತು ಈಗಾಗಲೇ ಹತ್ತೊಂಬತ್ತು ದಿನವಾಗಿದೆ.

ನಾನು ಹೇಳಿದ್ದನ್ನೇ ಬರೆದಿದ್ದಾರೆ. ಓದಿಸಿ ಕೇಳಿದೆ; ಇದರಲ್ಲಿ ಸುಳ್ಳಿಲ್ಲ, ಬಿಟ್ಟದ್ದೂ ಇಲ್ಲ.

ಸ್ಥಳ: ರಾಯದುರ್ಗ
ದಿನಾಂಕ: 17-11-2025, ಮಧ್ಯಾಹ್ನ 2:10
ಸಹಿ: ಶಿವಶಂಕರ್