ಕಣ್ಣು ಮುಚ್ಚುತ್ತಿದ್ದ ಕಾವಲುಗಾರ

ಒಂದೂರಿನ ಸಾಹುಕಾರ ಊರ ಬಾವಿಗೆ ಬೇಲಿ ಹಾಕಿಸಿದ. ನೀರಿಗೆ ಬಂದ ಹೆಂಗಸೊಬ್ಬಳು ಅವನ ಕಾವಲುಗಾರನ ಗುಂಡಿಗೆ ಸತ್ತಳು.

ಹೆದರಿಸಲು ತಲೆಯ ಮೇಲೆ ಹಾರಿಸು ಎಂದಷ್ಟೇ ಅವನಿಗೆ ಹೇಳಿದ್ದರು. ಆದರೆ ನೋಡಿ, ದೊಡ್ಡ ಬಂದೂಕು ಭುಜಕ್ಕೆ ಗುದ್ದುತ್ತದೆ ಎಂಬ ಅಂಜಿಕೆ. ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚಿಬಿಟ್ಟ, ನಳಿಗೆ ತಗ್ಗಿತು. ಅಂದಿನಿಂದ ಅನ್ನ ಅವನ ಗಂಟಲಲ್ಲಿ ಇಳಿಯಲಿಲ್ಲ.

ಸಾಹುಕಾರನಿಗೆ ಇಳಿಯಿತೇ? ಇಳಿಯಿತು. ಅವನ ಚಿಂತೆಯೇ ಬೇರೆ: ಕಾವಲುಗಾರನ ಗುರಿ ಸರಿಯಿಲ್ಲ. ಸಣ್ಣ ಗುಂಡಿನ ರೈಫಲ್ ತರಿಸಿದ, ಕಲಿಸಲು ಮಿಲಿಟರಿ ಬಿಟ್ಟು ಬಂದ ಹವಾಲ್ದಾರನನ್ನು ಇಟ್ಟ. ದಿನಾ ಬೆಳಿಗ್ಗೆ ಮಣ್ಣಿನ ದಿಬ್ಬಕ್ಕೆ ಕಾಗದ ಚುಚ್ಚಿ ಅಭ್ಯಾಸ.

ಗುಂಡು ತುಂಬಿದೆಯೋ ಇಲ್ಲವೋ ಹೇಳದೆ ಹವಾಲ್ದಾರ ರೈಫಲ್ ಕೈಗಿಡುತ್ತಿದ್ದ. ಖಾಲಿ ರೈಫಲಿಗೂ ಕಾವಲುಗಾರನ ರೆಪ್ಪೆ ಮುಚ್ಚುತ್ತಿತ್ತು.

“ಗುಂಡಿಲ್ಲದ ಬಂದೂಕಿಗೆ ಅಂಜತಿ, ಹೆಂಡತಿ ಮುಂದ ಹೆಂಗ ನಿಲ್ತಿಯೋ?”

“ಅಕಿ ಮುಂದನೂ ಕಣ್ಣ ಮುಚ್ಚೇ ನಿಲ್ತೀನ್ರೀ.”

“ಇದು ಗುದ್ದೂದಿಲ್ಲೋ ತಮ್ಮಾ. ಕಣ್ಣ ತಗದ ನೋಡೂದ ಕಲಿ. ಗುರಿ ಆಮ್ಯಾಲ ತಾನ ಬರತೈತಿ.”

ಬಂತು. ಬೇಸಿಗೆ ಮುಗಿಯುವಷ್ಟರಲ್ಲಿ ಕಾಗದದ ತೂತುಗಳೆಲ್ಲ ಒಂದು ಅಂಗೈಯಡಿ ಮುಚ್ಚುವಂತಾದವು.

ಆಗ ಸತ್ತವಳ ಮಗಳು ಕೊಡ ಹೊತ್ತು ಬೇಲಿಯ ಹತ್ತಿರ ಬಂದಳು. ಈ ಸಲ ಕಾಲಿಗೇ ಹೊಡಿ ಎಂದ ಸಾಹುಕಾರ. ರೈಫಲ್ ಏರಿತು. ಕಣ್ಣು ಮುಚ್ಚಲಿಲ್ಲ, ಮುಚ್ಚಲು ಬರಲೇ ಇಲ್ಲ. ಅವಳ ಒಣಗಿದ ತುಟಿ, ಹೆಗಲಿನ ಹಗ್ಗ, ನೀರಿಗಾಗಿ ಮುಂದೆ ಬಾಗಿದ ಆ ನಡಿಗೆ.

ಇಲ್ಲಿ ಸ್ವಲ್ಪ ನಿಲ್ಲಿ. ನಿಮ್ಮ ಕೈಯಲ್ಲಿ ಬಂದೂಕಿಲ್ಲ, ನಿಜ. ಆದರೆ ಕೆಲಸದಾಕೆಗೆ ಬೇರೆ ಲೋಟದಲ್ಲಿ ಚಹಾ ಕೊಡುವಾಗ ನಿಮ್ಮ ಕಣ್ಣು ಎಲ್ಲಿರುತ್ತದೆ? ಗಟಾರಿಗಿಳಿದವನ ಪಕ್ಕ ಹಾದುಹೋಗುವಾಗ? ಮುಚ್ಚುತ್ತೇವೆ, ಆಮೇಲೆ ಕಾಣಲಿಲ್ಲ ಎನ್ನುತ್ತೇವೆ. ನಾಳೆ ಬೆಳಿಗ್ಗೆ ಸಣ್ಣದರಿಂದ ಶುರುಮಾಡಿ. ಆ ಬೇರೆ ಲೋಟ ತೆಗೆದುಹಾಕಿ. ಚಹಾ ಕೊಡುವಾಗ ಅವಳ ಮುಖ ನೋಡಿ. ಒಂದು ದಿನ ನೋಡಿದರೆ ಸಾಲದು; ದಿನಾ ನೋಡಿ, ದಿನಾ. ದೊಡ್ಡ ಹುಕುಂ ಬಂದ ಹೊತ್ತಿಗೆ ಹೊಸದಾಗಿ ಕಲಿಯಲು ಆಗುವುದಿಲ್ಲ.

ಕಾವಲುಗಾರ ಕಲಿತಿದ್ದ. ಅಷ್ಟು ಕಲಿಯಲು ಒಂದು ಜೀವ ಹೋಗಿತ್ತು. ಅದು ತಿರುಗಿ ಬರುವುದಿಲ್ಲ.

“ಹೊಡಿಯಲೇ,” ಎಂದ ಸಾಹುಕಾರ. “ನಿನಗ ಕಲಿಸಿದ್ದು ಯಾತಕ್ಕ?”

ಅವನು ಗುಂಡು ಹೊರತೆಗೆದು ರೈಫಲನ್ನು ಸಾಹುಕಾರನ ಕಾಲ ಬಳಿ ಇಟ್ಟ.

“ಆಗೂದಿಲ್ರೀ ಸಾವ್ಕಾರ್ರ. ಈಗ ಕಾಣಸ್ತೈತಿ.”