ಕಿಟಕಿಯಲ್ಲಿ ಆರಿಸಿದ ಊಟ

ಆಸ್ಪತ್ರೆಯ ಲಿಫ್ಟಿಗೆ ಕಾಯುತ್ತಿದ್ದ ಟ್ಯಾಕ್ಸಿ ಡ್ರೈವರ್ ಬೇಡವೆಂದರೂ ಕೇಳಿಸಿಕೊಳ್ಳಬೇಕಾಯಿತು. ಮುಂದೆ ನಿಂತಿದ್ದ ಅತ್ತೆ ಸೊಸೆಯರಲ್ಲಿ ಸೊಸೆಯ ದನಿ ಅಷ್ಟು ಜೋರಾಗಿತ್ತು.

“ಆಸ್ಪತ್ರೆಯವರು ಕೊಟ್ಟ ಊಟದ ಪ್ಯಾಕೆಟ್ ಯಾಕೆ ಬಿಚ್ಚಿಟ್ರಿ ಅತ್ತೆ?”

“ಕಿಟಕೀಲಿ ಆರಲಿ ಅಂತ ಇಟ್ಟೆ ಕಣೇ. ಅದಕ್ಕೆ ವಿಕಿರಣ ಹಾಯಿಸಿದ್ದಾರಂತೆ. ಸ್ವಲ್ಪ ಹೋಗ್ಲಿ ಅಂತ.”

“ಹೋಗೋಕೆ ಅದೇನು ಹೊಗೆನಾ? ಊಟದಲ್ಲಿ ಏನೂ ಉಳಿದಿರಲ್ಲ. ಒಳಗಿನ ಕ್ರಿಮಿ ಸಾಯ್ಲಿ ಅಂತ ಪ್ಯಾಕೆಟ್ ಮುಚ್ಚಿದ ಮೇಲೆ ಹಾಯಿಸ್ತಾರೆ. ನೀವು ಬಿಚ್ಚಿಟ್ಟು ನೊಣಗಳನ್ನ ಊಟಕ್ಕೆ ಕರೆದ್ರಿ!”

“ನನ್ನ ಮೇಲೆ ಯಾಕೆ ಹರಿಹಾಯ್ತೀಯ? ವಿಷ ಅಂತ ಗೊತ್ತಿದ್ದೂ ಹೆತ್ತ ಮಗನಿಗೆ ತಿನ್ನಿಸ್ಲಾ?”

“ವಿಷ ಅಂತ ಯಾರು ಹೇಳಿದ್ದು?”

“ಪಕ್ಕದ ಮನೆಯವಳು.”

“ಅವಳೇನು ಡಾಕ್ಟ್ರಾ? ನಿಮ್ಮ ಮಗನ ಮೈಯಲ್ಲಿ ಈಗ ರೋಗ ತಡೆಯೋ ಶಕ್ತಿ ಒಂಚೂರೂ ಇಲ್ಲ, ಬಿಚ್ಚಿದ ತಕ್ಷಣ ತಿನ್ನಿಸಿ ಅಂತ ನರ್ಸಮ್ಮ ಬಡ್ಕೊಂಡ್ರಲ್ಲ, ಕಿವಿಗೆ ಬೀಳಲಿಲ್ವಾ?”

ಲಿಫ್ಟಿನ ಬಾಗಿಲು ತೆರೆಯಿತು. ಇಬ್ಬರೂ ಒಳಗೆ ಹೋದರು. ಅತ್ತೆಯ ದನಿ ಇಳಿದಿತ್ತು.

“ಮೊನ್ನೆಯಿಂದ ಹಾಗೇ ಆರಿಸಿ ಕೊಡ್ತಿದ್ದೀನಿ ಕಣೇ. ಹಾಗಾದ್ರೆ ನಿನ್ನೆ ಅವನಿಗೆ ಜ್ವರ ಬಂದಿದ್ದು…?”

ಅಷ್ಟು ಹೊತ್ತು ಅಬ್ಬರಿಸಿದ್ದ ಸೊಸೆ ಲಿಫ್ಟಿನ ಗುಂಡಿಯನ್ನು ಮತ್ತೆ ಮತ್ತೆ ಒತ್ತಿದಳು. ಒಳಗೆ ಜಾಗವಿದ್ದರೂ ಡ್ರೈವರ್ ಹತ್ತಲಿಲ್ಲ.