ಜೋಡಿ ಹುಟ್ಟು

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ದೋಣಿ ಸಂಘದ ಬಂಧುಗಳೇ, ಮತ್ತು ನನ್ನ ಮಾತಿಗಿಂತ ಗೋಡೆಬದಿಯ ಮೇಜಿನ ಹಳೇ ಸಾಮಾನಿನ ಮೇಲೇ ಕಣ್ಣಿಟ್ಟಿರುವ ಸಭಿಕರೇ,

ಇಪ್ಪತ್ತೆರಡು ವರ್ಷ ಸುತ್ತಿಗೆ ಹಿಡಿದು ಹರಾಜು ಕೂಗಿದ ನನ್ನನ್ನು ಇವತ್ತು ಸನ್ಮಾನಿಸಿ ಬೀಳ್ಕೊಡುತ್ತಿದ್ದೀರಿ. ಮಾನಪತ್ರದಲ್ಲಿ ‘ನಿಷ್ಪಕ್ಷಪಾತಿ’ ಎಂದು ಬರೆಸಿದ್ದೀರಿ. ಅದನ್ನು ಓದುವಾಗ ಅಧ್ಯಕ್ಷರ ನಾಲಿಗೆ ತೊಡರಿತು. ಕೇಳುವಾಗ ನನಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಯಾಕೆ ಅಂತ ಹೇಳಿಯೇ ಇಳಿಯುತ್ತೇನೆ. ಹರಾಜು ಹತ್ತು ನಿಮಿಷ ತಡವಾದರೆ ಆ ಲಂಗರುಗಳಿಗೆ ಇನ್ನಷ್ಟು ತುಕ್ಕೇನೂ ಹಿಡಿಯುವುದಿಲ್ಲ.

ಅತಿಥಿಗಳಿಗೆ ನಮ್ಮ ಪದ್ಧತಿ ಗೊತ್ತಿರಲಿಕ್ಕಿಲ್ಲ. ವರ್ಷಕ್ಕೊಮ್ಮೆ ಪ್ರತಿ ದೋಣಿಯವರೂ ಒಂದೊಂದು ಹಳೇ ಸಾಮಾನು ತಂದಿಡಬೇಕು. ಬಂದ ಹಣದಲ್ಲಿ ದೋಣಿ ಕಲಿಯುವ ಮಕ್ಕಳಿಗೆ ಲೈಫ್ ಜಾಕೆಟ್. ಕೊಟ್ಟವರು ಯಾರೆಂದು ಹೇಳುವಂತಿಲ್ಲ. ಕೂಗುವವನು ತಾನೇ ಕೊಳ್ಳುವಂತಿಲ್ಲ. ಯಾರೂ ಕೇಳದೆ ಉಳಿದದ್ದನ್ನು ಅವನು ತನ್ನ ಶೆಡ್ಡಿಗೆ ಒಯ್ದು, ರಿಪೇರಿ ಮಾಡಿ, ಮರುವರ್ಷ ಎಲ್ಲಕ್ಕಿಂತ ಮೊದಲು ಹರಾಜಿಗೆ ಇಡಬೇಕು. ಆದರೆ ನೀವು ಏನನ್ನಾದರೂ ಉಳಿಸುತ್ತೀರಾ? ಎರಡೂ ಎಡಗಾಲಿನ ಬೂಟು ಮಾರಿದ್ದೇನೆ. ಒದ್ದರೆ ಮಾತ್ರ ಹೊತ್ತಿಕೊಳ್ಳುವ ಸ್ಟೋವ್ ಮಾರಿದ್ದೇನೆ. ಒಂದು ಲಾಂದ್ರವನ್ನಂತೂ ಆರು ಸಲ ಮಾರಿದ್ದೇನೆ. ಕೊಂಡವರು ಮನೆಗೆ ಒಯ್ದು, ಹೆಂಡತಿಯ ಹತ್ತಿರ ಬೈಸಿಕೊಂಡು, ಮರುವರ್ಷ ಇಲ್ಲಿಗೇ ತರುತ್ತಾರೆ. ಇವತ್ತೂ ಬಂದಿದೆ, ನೋಡಿದೆ.

ಇಂಥ ನೀವು ಹೋದ ವರ್ಷ ಒಂದೇ ಒಂದು ಸಾಮಾನು ಉಳಿಸಿದಿರಿ. ಒಂಟಿ ಹುಟ್ಟು.

ಎತ್ತಿ ಹಿಡಿದ ಕೂಡಲೇ ನನ್ನ ಕೈಗೆ ಅದರ ಗುರುತು ಸಿಕ್ಕಿತು. ಹಿಡಿಯ ಹತ್ತಿರ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿತ್ತು. ಸುತ್ತಿದವರು ನಮ್ಮಪ್ಪ. ಚಿಕ್ಕಂದಿನಲ್ಲಿ ನಾವು ಅಣ್ಣತಮ್ಮ ಒಂದೇ ಹಲಗೆಯ ಮೇಲೆ ಕೂತು, ಅಣ್ಣ ಬಲಗಡೆ, ನಾನು ಎಡಗಡೆ, ಒಂದೊಂದು ಹುಟ್ಟು ಎಳೆಯುತ್ತಿದ್ದೆವು. ಅಪ್ಪ ಹಿಂದಿನಿಂದ ಬೈಯುತ್ತಿದ್ದರು: “ಒಟ್ಟಿಗೆ ಎಳೀರೋ! ಒಬ್ಬನೇ ಎಳೆದ್ರೆ ಇಲ್ಲೇ ಗಿರಗಿರ ಸುತ್ತುತ್ತಾ ಇರ್ತೀರಿ.”

ಅಪ್ಪ ಹೋದರು. ಮರ ಲಡ್ಡುಹಿಡಿದು ದೋಣಿ ಸೌದೆಯಾಯಿತು. ಎರಡು ಹುಟ್ಟು ಉಳಿದವು. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಅನ್ನುತ್ತಾರಲ್ಲ, ನಾವು ಆ ಎರಡು ಮರದ ತುಂಡಿಗೆ ದಾಯಾದಿಗಳಾದೆವು. “ಅಪ್ಪ ಹಾಸಿಗೆ ಹಿಡಿದಾಗ ನೋಡ್ಕೊಂಡೋನು ನಾನು. ಎರಡೂ ನಂಗೇ ಸೇರ್ಬೇಕು. ಆಗ ನೀನೆಲ್ಲಿದ್ದೆ?” ಎಂದು ನಾಲ್ಕು ಜನರ ಮುಂದೆ ಕೇಳಿದೆ.

ಎಲ್ಲಿದ್ದ ಅವನು? ಅಪ್ಪನ ಔಷಧಿಗಾಗಿಯೇ ದೂರದ ದಡದಲ್ಲಿ ಎರಡೆರಡು ಪಾಳಿ ಸರಕಿನ ದೋಣಿ ನಡೆಸುತ್ತಿದ್ದ. ನನಗದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿದ್ದೂ ಕೇಳಿದೆ. ಅಣ್ಣ ಒಂದು ಹುಟ್ಟನ್ನು ನನ್ನ ಬಾಗಿಲಿಗೆ ಒರಗಿಸಿ, ಇನ್ನೊಂದನ್ನು ಹೆಗಲಿಗೇರಿಸಿಕೊಂಡು ಹೋದ. ಕೋಪದಲ್ಲಿ ಕೊಯ್ದ ಮೂಗು ಆಮೇಲೆ ಬಂದೀತೇ? ಹನ್ನೊಂದು ವರ್ಷ ಮಾತು ನಿಂತುಹೋಯಿತು.

ಕ್ಷಮಿಸಿ, ಇಷ್ಟೆಲ್ಲ ಹೇಳಬೇಕು ಅಂತ ಬಂದಿರಲಿಲ್ಲ. ನೀರು ಸ್ವಲ್ಪ ಕೊಡಿ.

ಹೋದ ವರ್ಷ ಆ ಹುಟ್ಟು ಕಂಡಾಗ ನನ್ನ ಮೈಯೆಲ್ಲ ಉರಿಯಿತು. ನನ್ನನ್ನು ಅವಮಾನಿಸಲೆಂದೇ ಅಪ್ಪನ ಹುಟ್ಟನ್ನು ಗುಜರಿಗೆ ಹಾಕಿದ್ದಾನೆ ಅಂದುಕೊಂಡೆ. ನಾನು ಕೊಳ್ಳುವಂತಿಲ್ಲ. ಬೇರೆಯವರು ಕೊಂಡರೆ ನೋಡಲಾರೆ. ಆಗ ನಿಮ್ಮ ನಿಷ್ಪಕ್ಷಪಾತಿ ಏನು ಮಾಡಿದ ಗೊತ್ತೇ? ಒಂದು ಸಾರಿ ಎರಡು ಸಾರಿ ಮೂರು ಸಾರಿ ಎಂದು ಒಂದೇ ಉಸಿರಿಗೆ ಕೂಗಿ ಸುತ್ತಿಗೆ ಬಡಿದ. ಯಾರಾದರೂ ಕೈ ಎತ್ತಿಬಿಟ್ಟಾರೆಂಬ ಭಯ. ಯಾರೂ ಎತ್ತಲಿಲ್ಲ. ಅದಕ್ಕೂ ನನಗೆ ಸಿಟ್ಟು ಬಂತು. ಎರಡೂ ಎಡಗಾಲಿನ ಬೂಟು ಕೊಂಡ ಜನ, ನಮ್ಮಪ್ಪನ ಹುಟ್ಟಿಗೆ ಒಂದು ಕೈ ಎತ್ತಬಾರದಿತ್ತೇ?

ವರ್ಷವಿಡೀ ಅದನ್ನು ಉಜ್ಜಿದೆ, ಎಣ್ಣೆ ಹಚ್ಚಿದೆ. ನನ್ನ ಹೆಂಡತಿ ನೋಡಿ ನೋಡಿ ಅಂದಳು: “ಅದನ್ನ ಎಷ್ಟಂತ ಉಜ್ಜುತ್ತೀರಿ? ಭಾವನ ಮನೆ ಬಾಗಿಲು ತಟ್ಟೋಕೆ ಎರಡು ನಿಮಿಷ ಸಾಕು.” ಹೋಗಲಿಲ್ಲ. ಕಾಲೇ ಬರಲಿಲ್ಲ.

ಇವತ್ತಿನಿಂದ ಹರಾಜು ಕೂಗುವವಳು ನಮ್ಮ ಸಂಘದಲ್ಲಿ ಹಾಯಿ ಹೊಲಿಯುವ, ನಾನು ತಂಗಿ ಎಂದೇ ಕರೆಯುವ ಹೆಣ್ಣುಮಗಳು. ಹೋದ ವಾರ ಸುತ್ತಿಗೆ ಒಪ್ಪಿಸಲು ಅವಳಲ್ಲಿಗೆ ಹೋಗಿದ್ದೆ. ಸೂಜಿಗೆ ದಾರ ಪೋಣಿಸುತ್ತಾ ಹೇಳಿದಳು: “ಅಣ್ಣಾ, ಆವತ್ತು ಆ ಹುಟ್ಟಿಗೆ ಯಾರೂ ಕೈ ಎತ್ತಲಿಲ್ಲ ಯಾಕೆ ಗೊತ್ತಾ? ಹಿಂದಿನ ದಿನ ನಿಮ್ಮಣ್ಣ ಮನೆಮನೆಗೂ ಬಂದಿದ್ರು. ‘ದಯವಿಟ್ಟು ಯಾರೂ ಕೇಳಬೇಡಿ, ಉಳಿದ್ರೆ ಅದು ಅವನ ಶೆಡ್ಡಿಗೇ ಹೋಗುತ್ತೆ. ನಾನು ಕೊಟ್ರೆ ತಗೊಳ್ಳಲ್ಲ ಅವನು’ ಅಂದ್ರು.”

ಊರಿಗೆಲ್ಲ ಗೊತ್ತಿತ್ತು, ನನಗೊಬ್ಬನಿಗೆ ಗೊತ್ತಿರಲಿಲ್ಲ. ಕೂಡಲೇ ಓಡಬೇಕಿತ್ತಲ್ಲವೇ? ಆಗಲೂ ಓಡಲಿಲ್ಲ. ನಾಲ್ಕು ಜನರ ಮುಂದೆ ಆಡಿದ ಮಾತನ್ನು ನಾಲ್ಕು ಜನರ ಮುಂದೆಯೇ ಹಿಂದಕ್ಕೆ ತೆಗೆದುಕೊಳ್ಳಬೇಕು ಅನ್ನಿಸಿತು.

ನಿಯಮದಂತೆ ಆ ಹುಟ್ಟನ್ನು ತಂದಿದ್ದೇನೆ. ಈ ವರ್ಷದ ನನ್ನ ಪಾಲಿನ ಸಾಮಾನನ್ನೂ ತಂದಿದ್ದೇನೆ: ಇನ್ನೊಂದು ಹುಟ್ಟು. ಎರಡನ್ನೂ ಒಂದೇ ಹಗ್ಗದಲ್ಲಿ ಕಟ್ಟಿದ್ದೇನೆ, ಬಿಡಿಸಿ ಮಾರುವಂತಿಲ್ಲ. ಈಗ ನಾನೂ ನಿಮ್ಮ ಹಾಗೆ ಕೈ ಎತ್ತಬಹುದು. ಆದರೆ ಎತ್ತುವುದಿಲ್ಲ. ಹೋದ ವರ್ಷದ ಹಾಗೆ ನೀವೂ ಸುಮ್ಮನಿದ್ದುಬಿಡಿ. ತಂಗೀ, ನನ್ನ ಹಾಗೆ ಒಂದೇ ಉಸಿರಿಗೆ ಕೂಗಬೇಡ. ಎರಡು ಸಾರಿ ಅಂದ ಮೇಲೆ ಸ್ವಲ್ಪ ತಡಿ. ಬಾಗಿಲ ಬಳಿಯ ಕೊನೇ ಕುರ್ಚಿಯಲ್ಲಿ ಒಬ್ಬರು ಕೂತಿದ್ದಾರೆ. ಅವರಿಗೆ ಯಾವುದಕ್ಕೂ ಸ್ವಲ್ಪ ಹೊತ್ತು ಬೇಕು, ಚಿಕ್ಕಂದಿನಿಂದಲೂ ಹಾಗೆಯೇ.

ಅಣ್ಣಾ, ಆವತ್ತು ನಾನು ಹಾಗೆ ಕೇಳಬಾರದಿತ್ತು. ತಪ್ಪಾಯಿತು. ಹೊರಗೆ ಮೆಟ್ಟಿಲ ಹತ್ತಿರ ನನ್ನ ದೋಣಿ ಕಟ್ಟಿದೆ, ಒಳಗೆ ಹುಟ್ಟಿಲ್ಲ. ಎಡಗಡೆ ನಾನು ಕೂರುತ್ತೇನೆ. ನೀನು ಕೈ ಎತ್ತು, ಸಾಕು.

ಇಷ್ಟು ಹೊತ್ತು ಕೇಳಿದ ನಿಮಗೂ, ಹೋದ ವರ್ಷ ಕೈ ಎತ್ತದೆ ಕೂತಿದ್ದ ನಿಮಗೂ ನಾನು ಋಣಿ. ನಮಸ್ಕಾರ.